ಮೂರು ತಾಸು ನಲವತ್ತು ನಿಮಿಷ

"ಮಂಗಳವಾರ ರೀ ಬಾಯಾರ. ಎಷ್ಟ್ ಸರ್ತಿ ಕೇಳ್ತೀರಿ? ಮಂಗಳವಾರನ ಹುಟ್ಟಿದ್ದು."

ನಾಗವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಗೋಧಿಯನ್ನು ಅಂಗೈಯಿಂದ ಸಪಾಟು ಮಾಡಿದಳು. ಪುಣೆಯ ಹೊರಗೆ ತಳೇಗಾಂವ ದಾಭಾಡೆಯಲ್ಲಿ ಮೊಮ್ಮಗನ ಎರಡು ಖೋಲಿಯ ಮನೆ. ಎಪ್ಪತ್ತು ದಾಟಿದ ಮುದುಕಿಗೆ ಕಿವಿ ಮಂದವಾಗಿತ್ತೇ ಹೊರತು ನೆನಪಲ್ಲ.

ಶೈಲಾ ಮುನವಳ್ಳಿ ಚಾಪೆಯ ಮೇಲೆ ಕುಳಿತು ಕುತ್ತಿಗೆ ಒರೆಸಿಕೊಂಡಳು. ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತು ವರ್ಷ, ಖಾಸಗಿ ಪತ್ತೇದಾರಿಯ ಬೋರ್ಡು ಹಾಕಿ ಹದಿನಾಲ್ಕು. ಬೋರ್ಡು ದೊಡ್ಡದು, ಕೆಲಸ ಸಣ್ಣದು. ಗೊತ್ತಾದ ವರ ಕುಡಿಯುತ್ತಾನೋ, ಭೋಸರಿಯ ಕಾರ್ಖಾನೆಯಲ್ಲಿ ಅವನು ನಿಜವಾಗಿ ಎಂಜಿನಿಯರೋ ಅಥವಾ ಬರೀ ಎಂಜಿನಿಯರನ ಸ್ಕೂಟರ್ ಹಿಂದೆ ಕೂರುವವನೋ ಎಂದು ನೋಡಿ ಹೆಣ್ಣಿನವರಿಗೆ ವರದಿ ಕೊಡುವುದು. ಒಂದು ಹುಡುಗಿಗೆ ಅವಳ ದೇಶವನ್ನೇ ಹುಡುಕಿಕೊಡಿ ಎಂದು ಈವರೆಗೆ ಯಾರೂ ಬಂದಿರಲಿಲ್ಲ.

ಆ ಹುಡುಗಿ ಪಕ್ಕದಲ್ಲೇ ಮಂಡಿ ಕಟ್ಟಿಕೊಂಡು ಕುಳಿತಿದ್ದಳು. ಸುರಭಿ ಗಲಗಲಿ. ಇಪ್ಪತ್ತು ತುಂಬಲು ಇನ್ನೂ ನಾಲ್ಕು ತಿಂಗಳು, ಬಿ.ಕಾಂ. ಕೊನೆಯ ವರ್ಷ. ಹದಿನೈದು ದಿನದಲ್ಲಿ ಭಾರತ ಬಿಟ್ಟು ಹೋಗತಕ್ಕದ್ದು ಎಂಬ ನೋಟೀಸು ಅವಳ ಚೀಲದಲ್ಲಿತ್ತು. ಗಡುವು ನಾಳೆ, ಶುಕ್ರವಾರ, ಮುಗಿಯುತ್ತಿತ್ತು. ಬಿಟ್ಟು ಎಲ್ಲಿಗೆ ಹೋಗಬೇಕು ಎಂದು ಅದರಲ್ಲಿ ಬರೆದಿರಲಿಲ್ಲ. ಪುಣೆ ಬಿಟ್ಟು ಅವಳು ಹೋದದ್ದೇ ಎರಡು ಸಲ, ಎರಡೂ ಸಲ ಬೆಳಗಾವಿಗೆ.

ತಪ್ಪು ತಂದೆ ಏಕನಾಥನದು, ಅದನ್ನು ತಪ್ಪು ಎನ್ನಬಹುದಾದರೆ. ಅವನೂ ಅವನ ಹೆಂಡತಿ ನೀರಜಾಳೂ ಹುಟ್ಟಿದ್ದು ಯುಗಾಂಡಾದಲ್ಲಿ. ಇಬ್ಬರ ಅಜ್ಜಂದಿರೂ ಬೆಳಗಾವಿ ಕಡೆಯಿಂದ ಅಲ್ಲಿಗೆ ರೈಲ್ವೆ ಕಾರಕೂನರಾಗಿ ಹೋಗಿದ್ದವರು. 1972ರಲ್ಲಿ ಅಲ್ಲಿಯ ಸರ್ಕಾರ ನಮ್ಮವರನ್ನೆಲ್ಲ ಹೊರದಬ್ಬಿದಾಗ ಎರಡೂ ಮನೆಯವರು ಪುಣೆಗೆ ಬಂದರು. ಏಕನಾಥ ಭೋಸರಿಯಲ್ಲಿ ಲೇಥ್ ಹಿಡಿದ. ಆಫ್ರಿಕಾದ ಕಾಗದಗಳ ಅವಧಿ ಎಂದೋ ಮುಗಿದುಹೋಯಿತು. ಅರ್ಜಿ ಕೊಟ್ಟು ಇಲ್ಲಿಯ ನಾಗರಿಕನೆಂದು ನೋಂದಾಯಿಸಿಕೊಳ್ಳಬೇಕು ಎಂದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ. ರೇಷನ್ ಕಾರ್ಡ್ ಇತ್ತು, ಮತದಾರರ ಪಟ್ಟಿಯಲ್ಲಿ ಹೆಸರಿತ್ತು. ಅಜ್ಜನ ನೆಲಕ್ಕೆ ಮರಳಿ ಬಂದವನು ಒಳಗೆ ಬರಲೇ ಎಂದು ಯಾರನ್ನು ಕೇಳಬೇಕು? ನೀರಜಾ ಹಾಗೆಯೇ ತೀರಿಕೊಂಡು ಆರು ವರ್ಷವಾಗಿತ್ತು.

ಕಾನೂನಿಗೆ ಅಜ್ಜನ ನೆನಪಿಲ್ಲ. 1987ರ ಜುಲೈ ಒಂದಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದ ಮಗು, ತಂದೆತಾಯಿ ಯಾವ ದೇಶದವರಾದರೂ, ಭಾರತೀಯ. ಜುಲೈ ಒಂದರಿಂದ ಈಚೆಗೆ ಹುಟ್ಟಿದ್ದರೆ ಇಬ್ಬರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಸುರಭಿಯ ಮನೆಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಏಕನಾಥನ ಫೈಲು ಬೇರೆಯಾಗಿ ತೆರೆದಿತ್ತು, ಅವನಿಗೆ ಇನ್ನೂ ನೋಟೀಸು ಬಂದಿರಲಿಲ್ಲ.

ಶಾಲೆಯ ದಾಖಲೆಯಲ್ಲಿ ಜೂನ್ ಒಂದು ಎಂದಿತ್ತು. ಅದನ್ನು ನೋಡಿ ವಿದೇಶೀಯರ ನೋಂದಣಿ ಕಚೇರಿಯ ಸಾಹೇಬರು ನಕ್ಕುಬಿಟ್ಟಿದ್ದರು. ಹೆಡ್‌ಮಾಸ್ತರರು ಅರ್ಧ ಊರಿಗೆ ಹಂಚಿದ ಹುಟ್ಟುಹಬ್ಬ ಅದು, ತಮ್ಮದೂ ಅದೇ ತಾರೀಖು ಎಂದಿದ್ದರು. ಮುಚ್ಚಿಹೋದ ಹೆರಿಗೆ ಆಸ್ಪತ್ರೆಯ ರಜಿಸ್ಟರನ್ನು ಶೈಲಾ ಹುಡುಕಿ ತಂದ ಮೇಲೆ ಮಾತ್ರ ಅವರು ಕನ್ನಡಕ ಹಾಕಿಕೊಂಡರು. 'ನೀರಜಾ, ಹೆಣ್ಣು, 30-6-87, 3-40.' ಅಷ್ಟೇ. ಹಗಲೋ ರಾತ್ರಿಯೋ ಬರೆದಿರಲಿಲ್ಲ. ಹೆರಿಗೆ ಮಾಡಿಸಿದವರನ್ನು ಶುಕ್ರವಾರ ಕರೆತನ್ನಿ, ಮತ್ತೇನಾದರೂ ಗಟ್ಟಿ ಸಾಕ್ಷಿ ಇದ್ದರೆ ಅದನ್ನೂ ತನ್ನಿ ಎಂದರು. ಡಾಕ್ಟರಮ್ಮ ಬದುಕಿಲ್ಲ. ಉಳಿದವಳು ಆಗ ಅಲ್ಲಿ ಆಯಾ ಆಗಿದ್ದ ಈ ನಾಗವ್ವ.

"ಮಂಗಳವಾರ ಹೌದು ನಾಗವ್ವ. ಹಗಲಿಗೋ, ರಾತ್ರಿಗೋ?"

"ರಾತ್ರಿ ರೀ. ಗಡಿಯಾರದಾಗ ಮೂರೂ ನಲವತ್ತು. ನಾನ ನೋಡೇನಿ. ನನಗ ಓದಾಕ ಬರೂದಿಲ್ಲ ಖರೆ, ಗಡಿಯಾರ ಬರ್ತದ."

"ಅಂದ್ರ ಸೋಮವಾರ ರಾತ್ರಿ ಕಳದು, ಬೆಳಗಾಗೂ ಮುಂದ?"

"ಸೋಮವಾರ ಎಲ್ಲಿ ಬಂತ್ರಿ ನಡುವ? ಮಂಗಳವಾರ ಮುಂಜಾನೆ ನೀರಜಾಬಾಯಿ ದವಾಖಾನಿಗೆ ಬಂದ್ರು. ದಿನಾಪೂರ್ತಿ ಬ್ಯಾನಿ ತಿಂದ್ರು. ಇನ್ನೂ ತಡಾ ಅದ ಅಂತ ಡಾಕ್ಟರಬಾಯಿ ಸಂಜೀಕ ಮನಿಗೆ ಹೋದ್ರು. ಆಮ್ಯಾಲೆ ರಾತ್ರಿ ಮೂರೂ ನಲವತ್ತಕ್ಕ ನನ್ನ ಕೈಯಾಗ ಕೂಸು ಬಂತು."

ಶೈಲಾ ಬೆರಳು ಮಡಿಚಿ ವಾರ ಎಣಿಸಿದಳು.

"ನಾಗವ್ವ, ಹನ್ನೆರಡು ಹೊಡದ ಮ್ಯಾಲೆ ಬುಧವಾರ ಆಗ್ತದ."

"ಹೆಂಗ ಆಗ್ತದ್ರಿ? ಸೂರ್ಯ ಹುಟ್ಟಿದ್ನೇನು? ಸೂರ್ಯ ಹುಟ್ಟೂತನಾ ಮಂಗಳವಾರನ. ನಿಮ್ಮ ಮನ್ಯಾಗ ಏಕಾದಶಿ ಹಿಡದವರು ಹನ್ನೆರಡು ಹೊಡದ ಕೂಡ್ಲೇ ಎದ್ದು ಊಟಾ ಮಾಡ್ತಾರೇನು?"

ಮಾಡುವುದಿಲ್ಲ. ಶೈಲಾಳ ತಾಯಿಯೂ ಹೀಗೆಯೇ ಎಣಿಸುತ್ತಿದ್ದರು. ಬೆಳಗಾದ ಮೇಲೆ ಬಂದ ಡಾಕ್ಟರಮ್ಮನೂ ಹೀಗೆಯೇ ಎಣಿಸಿರಬೇಕು. ಯಾವಾಗ ಆಯ್ತು ಎಂದು ಕೇಳಿದರು, ಮಂಗಳವಾರ ರಾತ್ರಿ ಎಂದು ಇವಳು ಹೇಳಿದಳು, ಮಂಗಳವಾರದ ತಾರೀಖು ಮೂವತ್ತು ಎಂದು ಅವರು ಬರೆದರು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಸರ್ಕಾರದ ಗಡಿಯಾರದಲ್ಲಿ ಸುರಭಿ ಹುಟ್ಟಿದ್ದು ಬುಧವಾರ, ಜುಲೈ ಒಂದನೇ ತಾರೀಖು.

"ಮೌಶಿ," ಸುರಭಿ ಶೈಲಾಳ ಕಡೆ ತಿರುಗಿದಳು, "ಅಂದ್ರ ನಾ ತಡಾ ಮಾಡಿ ಹುಟ್ಟೀನಿ. ಮೂರು ತಾಸು ನಲವತ್ತು ನಿಮಿಷ. ಇಷ್ಟರ ಸಲುವಾಗಿ ನಾ ಯಾ ದೇಶದಾಕಿನೂ ಅಲ್ಲೇನು?"

ಶೈಲಾ ಅವಳ ಕೈ ಹಿಡಿದುಕೊಂಡಳು. ಹಿಡಿದ ಕೈ ಹಾಗೆಯೇ ನಿಂತಿತು. ಈ ಮಾತನ್ನು ಶೈಲಾ ಮೊದಲೇ ಒಂದು ಕಡೆ ಓದಿದ್ದಳು.

ಈ ಪ್ರಕರಣ ಹುಟ್ಟಿದ್ದೇ ಸಾಹೇಬರಿಗೆ ಬಂದ ಒಂದು ಹೆಸರಿಲ್ಲದ ಪತ್ರದಿಂದ. ಮರಾಠಿಯಲ್ಲಿ ಟೈಪು ಮಾಡಿದ್ದು. ಗಲಗಲಿ ದಂಪತಿ ನಾಗರಿಕರಲ್ಲ ಎಂದು ಬರೆದು, ಕೊನೆಗೆ 'ಸದರಿ ಹುಡುಗಿ ಮೂರು ತಾಸು ನಲವತ್ತು ನಿಮಿಷ ತಡವಾಗಿ ಹುಟ್ಟಿದ್ದಾಳೆ' ಎಂದಿತ್ತು. ಯಾವುದಕ್ಕೆ ತಡ ಎಂದು ಸಾಹೇಬರಿಗೂ ತಿಳಿದಿರಲಿಲ್ಲ, ಶೈಲಾಳಿಗೂ ತಿಳಿದಿರಲಿಲ್ಲ. ಯಾರೋ ತಲೆಕೆಟ್ಟವನು ಬರೆದದ್ದೆಂದು ಬಿಟ್ಟಿದ್ದರು, ರಜಿಸ್ಟರಿನ 3-40 ಸಿಕ್ಕ ಮೇಲೂ ತಾಳೆ ಹಾಕಿ ನೋಡಿರಲಿಲ್ಲ.

ಪತ್ರ ಬಂದಾಗ ರಜಿಸ್ಟರು ಇನ್ನೂ ಬೀಗದೊಳಗಿತ್ತು. ಹಾಗಿದ್ದರೂ ಪತ್ರ ಬರೆದವನಿಗೆ ಹುಟ್ಟಿದ ಗಳಿಗೆ ನಿಮಿಷದ ಮಟ್ಟಿಗೆ ಗೊತ್ತಿತ್ತು.

"ನಾಗವ್ವ, ಈ ವ್ಯಾಳ್ಯಾ ಮತ್ತ ಯಾರಿಗೆ ಹೇಳಿದ್ರಿ? ನೆನಪು ಮಾಡ್ಕೋರಿ."

"ಯಾರಿಗೆ ಹೇಳ್ಲಿ? ಡಾಕ್ಟರಬಾಯಿಗೆ ಹೇಳಿದೆ. ಕೂಸಿನ ಅಪ್ಪಗ ಹೇಳಿದೆ. ಜಾತಕಾ ಬರಸಾಕ ಬೇಕಂತ ಏಕನಾಥಪ್ಪನವರು ಚೀಟಿ ಮ್ಯಾಲೆ ಬರಕೊಂಡ್ರು."

ಜಾತಕ! ಹದಿನಾಲ್ಕು ವರ್ಷ ವಧೂವರರ ಹಿಂದೆ ಅಲೆದ ಹೆಂಗಸಿಗೆ ಇದು ಮೊದಲೇ ಹೊಳೆಯಬೇಕಿತ್ತು. ತನ್ನ ತಲೆಗೆ ತಾನೇ ಒಂದು ಮೊಟಕಬೇಕು ಎನಿಸಿತು.

"ಸುರಭಿ, ನಿನ್ನ ಜಾತಕ ಮನಿ ಬಿಟ್ಟು ಎಲ್ಲಿಗರೆ ಹೋಗಿತ್ತೇನು?"

"ಒಂದ ಸಲ," ಎಂದಳು ಸುರಭಿ. ಆಮೇಲೆ ಅವಳ ಮುಖದ ಬಣ್ಣ ಹೋಯಿತು. "ದಸರಾದಾಗ. ಓಂಕಾರ್ ಅವರ ಮನಿಗೆ."

ಓಂಕಾರ್ ಅವಳಿಗೆ ಲಗ್ನ ಗೊತ್ತಾದ ಹುಡುಗ. ಅವನ ತಂದೆ ವಕೀಲ ವಾಮನರಾವ್ ತೇರದಾಳ. ನಾಳೆ ಸಾಹೇಬರೆದುರು ಸುರಭಿಯ ಪರ ಪುಕ್ಕಟೆ ನಿಲ್ಲಲಿರುವವರು, ಹದಿನೈದು ದಿನದಿಂದ ಏಕನಾಥನ ಬೆನ್ನು ತಟ್ಟಿ ಧೈರ್ಯ ಹೇಳುತ್ತಿರುವವರು ಅವರೇ.

ನಾಗವ್ವನಿಗೆ ಎಲ್ಲವೂ ತಿಳಿಯದಿದ್ದರೂ ಬೇಕಾದಷ್ಟು ತಿಳಿದಿತ್ತು. "ಬಾಯಾರ, ನಾಳೆ ನಾ ಮಧ್ಯಾನ್ಹ ಹುಟ್ಟ್ಯಾಳಂತ ಹೇಳಿದ್ರ ಈ ಕೂಸು ಉಳೀತದೇನು?"

"ಸುಳ್ಳ ಆಗ್ತದ ನಾಗವ್ವ."

"ಆಗ್ಲಿ ಬಿಡ್ರಿ. ಎಷ್ಟೋ ಕೂಸು ನನ್ನ ಕೈಯಾಗ ಬಂದಾವ. ಇಪ್ಪತ್ತು ವರ್ಷಾದ ಮ್ಯಾಲೆ ಒಂದನ್ನ ಯಾರರೆ ತಿರುಗಿ ಕೊಡು ಅಂತಾರೇನು?"

ಶೈಲಾ ಬೇಡ ಎನ್ನಲಿಲ್ಲ.

ಲೋಕಲ್ ರೈಲಿನಲ್ಲಿ ಇಬ್ಬರೂ ಬಾಗಿಲ ಹತ್ತಿರ ನಿಂತೇ ಬಂದರು. ಶಿವಾಜಿನಗರದಲ್ಲಿ ಇಳಿಯುವ ಮುಂಚೆ ಶೈಲಾ ಹೇಳಿದಳು, "ನೀ ಹಡಪಸರಕ್ಕ ಮನಿಗೆ ಹೋಗು. ಅಪ್ಪಗ ಏನೂ ಹೇಳಬ್ಯಾಡ. ಅವರ ಎದಿ ಮೊದಲ ನಾಜೂಕ ಅದ."

"ಹೇಳೂದಿಲ್ಲ," ಎಂದಳು ಸುರಭಿ. ರೈಲು ಹೊರಟಾಗ ಅವಳು ಕೈ ಬೀಸಲಿಲ್ಲ. ಎರಡೂ ಕೈಯಿಂದ ಕಂಬಿ ಹಿಡಿದುಕೊಂಡಿದ್ದಳು.

ವಾಮನರಾವ್ ಕೋರ್ಟಿನಿಂದ ಬರುವವರೆಗೆ ಶೈಲಾ ಅವರ ಕೋಣೆಯಲ್ಲಿ ಎರಡು ತಾಸು ಕಾಯ್ದಳು. ಮೊಬೈಲ್ ಬಂದ್ ಮಾಡಿ ಎಂದು ಗೋಡೆಯ ಮೇಲೆ ಬರೆದಿತ್ತು, ಮಾಡಿದಳು. ಮೇಜಿನ ಮೇಲೆ ದಾವೆಯ ಕಾಗದಗಳು ಒಟ್ಟಿದ್ದವು. ಎಲ್ಲವನ್ನೂ ವಕೀಲರ ಪದ್ಧತಿಯಂತೆ ಉದ್ದಕ್ಕೆ ಮಡಿಚಿ ಮೇಲೆ ಪಕ್ಷಕಾರರ ಹೆಸರು ಬರೆದಿತ್ತು. ಉಳಿದ ಜನ ಪತ್ರವನ್ನು ಅಡ್ಡಕ್ಕೆ ಮಡಿಚುತ್ತಾರೆ. ಸಾಹೇಬರ ಮೇಜಿನ ಮೇಲಿದ್ದ ಆ ಹೆಸರಿಲ್ಲದ ಪತ್ರಕ್ಕೂ ನಡುವೆ ಒಂದೇ ಉದ್ದನೆಯ ಮಡಿಕೆಯಿತ್ತು. ಅದು ಈಗ ಅವಳಿಗೆ ನೆನಪಾಯಿತು.

"ಕುಂದರ್ರಿ, ಕುಂದರ್ರಿ ಶೈಲಾಬಾಯಿ," ವಾಮನರಾವ್ ಕರಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಅರವತ್ತರ ಹತ್ತಿರದ, ಹಣೆಗೆ ಅಂಗಾರ ಅಕ್ಷತೆ ಇಟ್ಟ ಮನುಷ್ಯ. "ಆಯಾ ಸಿಕ್ಕಳೇನು?"

"ಸಿಕ್ಕಳ್ರಿ. ನೀವು ಬರದದ್ದು ಖರೆ ಅದ ಅಂದಳು."

"ನಾ ಬರದದ್ದು?"

"ಮೂರು ತಾಸು ನಲವತ್ತು ನಿಮಿಷ."

ವಾಮನರಾವ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಶೈಲಾಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಏನು ಪುರಾವೆ ಅದ ನಿಮ್ಮ ಹತ್ರ?"

"ಜಾತಕ ಒಂದ ಮನಿಗೆ ಹೋಗಿತ್ತು ವಕೀಲಸಾಹೇಬ್ರ. ಪತ್ರ ಉದ್ದಕ್ಕ ಮಡಚಿತ್ತು. ಕೋರ್ಟಿಗೆ ಇದು ಸಾಲೂದಿಲ್ಲ, ಗೊತ್ತದ. ಓಂಕಾರ್‌ಗ ಸಾಲ್ತದ. ಫೋನ್ ಹಚ್ಚಲೇನು?"

ಮಗನ ಹೆಸರು ಬಂದ ಕೂಡಲೇ ವಕೀಲರ ಭುಜ ಇಳಿಯಿತು.

"ಅವನ್ನ ನಡುವ ತರಬ್ಯಾಡ್ರಿ. ನಾ ಮಾಡಿದ್ದು ಅವನ ಸಲುವಾಗಿನ. ರಕ್ಷಣಾ ಖಾತೆ ಪ್ರಯೋಗಾಲಯದಾಗ ನೌಕರಿ ಅವಂದು. ಪರದೇಶದ ಹುಡುಗಿನ್ನ ಲಗ್ನಾ ಆಗಬೇಕಂದ್ರ ಸರ್ಕಾರದ ಪರವಾನಗಿ ಬೇಕು. ಕೊಡ್ತಾರೇನು? ಸುಮ್ನ ಆಗಿಬಿಟ್ರ ನೌಕರಿ ಹೋಗ್ತದ."

"ಪರದೇಶದ ಹುಡುಗಿ! ನಿಮ್ಮ ಮನ್ಯಾಗ ಕೂತು ಹೋಳಿಗಿ ಲಟ್ಟಿಸಿ ಹೋದ ಹುಡುಗಿ ಅಕಿ."

"ಕಾಯ್ದೆ ಹೋಳಿಗಿ ಕೇಳೂದಿಲ್ಲ. ದಸರಾದಾಗ ಏಕನಾಥ ತಾನ ಅಭಿಮಾನದಿಂದ ಹೇಳಿದ, ನಾವಿಬ್ಬರೂ ಆಫ್ರಿಕಾದಾಗ ಹುಟ್ಟಿದವರು ಅಂತ. ನೋಂದಣಿ ಪತ್ರ ಎಲ್ಲಿ ಅಂದೆ. ರೇಷನ್ ಕಾರ್ಡ್ ತಂದು ತೋರಿಸಿದ! ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಜಾತಕಾ ತಗದು ನೋಡಿದೆ. ಮ್ಯಾಲೆ ಮಂಗಳವಾರ, ಕೆಳಗ ಸಣ್ಣ ಅಕ್ಷರದಾಗ ಜುಲೈ ಒಂದು."

"ಹಂಗಂತ ಅವರಿಗೆ ಹೇಳಿ ಬಿಡಬೇಕಿತ್ತು. ಈ ಸಂಬಂಧ ಬ್ಯಾಡ ಅಂತ."

"ನಾಲ್ಕು ಮಂದಿ ಹಿರಿಯರ ಮುಂದ ಎಲಿ ಅಡಕಿ ಹಿಡದೇನಿ ಶೈಲಾಬಾಯಿ. ಮೂವತ್ತು ಗುಣ ಕೂಡ್ಯಾವ ಅಂತ ನಾನ ಹೇಳೇನಿ. ಯಾವ ಬಾಯಿಲೆ ಮಾತು ಮುರೀಲಿ?"

ಶೈಲಾಳಿಗೆ ತಡೆಯಲಾರದಷ್ಟು ಸಿಟ್ಟು ಬಂತು. "ನಿಮ್ಮ ಮಾತು ಮುರೀಬಾರದು ಅಂತ ಆ ಹುಡುಗಿ ಬಾಳೇನ ಮುರದ್ರಿ. ನಾಚಿಕಿ ಬರೂದಿಲ್ಲೇನು ನಿಮಗ?"

ವಾಮನರಾವ್ ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. "ಬರ್ತದ. ದೇವರಾಣಿ, ನಾ ಇಷ್ಟು ಎಣಿಸಿರ್ಲಿಲ್ಲ. ಚೌಕಶಿ ಬರ್ತದ, ವರ್ಷಾನುಗಟ್ಟಲೆ ಎಳೀತದ, ಲಗ್ನ ತಾನ ಮುಂದ ಹೋಗಿ ನಿಲ್ತದ ಅಂತ ತಿಳದೆ. ಹದಿನೈದು ದಿನದ ನೋಟೀಸು ಬರ್ತದಂತ ತಿಳದಿರ್ಲಿಲ್ಲ."

"ಮತ್ತ ವಕಾಲತ್ತು ಯಾಕ ಹಿಡದ್ರಿ?"

"ಬ್ಯಾರೆ ವಕೀಲ ಬಂದ್ರ ಪತ್ರಾ ಬರದವರ್‍ಯಾರು ಅಂತ ಹುಡುಕ್ತಾನ." ಅವರು ಸೇರಿಸಿದರು, "ಮತ್ತ ಆ ಹುಡುಗಿ ಉಳೀಲಿ ಅಂತನೂ ಹಿಡದೆ. ನಂಬೂದು ಬಿಡೂದು ನಿಮಗ ಬಿಟ್ಟದ್ದು."

ಖಾನೆ ಎಳೆದು ಒಂದು ಝೆರಾಕ್ಸ್ ಪ್ರತಿ ಅವಳ ಮುಂದಿಟ್ಟರು. ಕುಂಡಲಿಯ ಮೇಲೆ ದಪ್ಪ ಅಕ್ಷರದಲ್ಲಿ ಮಂಗಳವಾರ. ತಳದಲ್ಲಿ ಜೋಯಿಸರು ಅಚ್ಚುಕಟ್ಟಾಗಿ ಬರೆದಿದ್ದರು: ಇಂಗ್ರೇಜಿ ತಾರೀಖು 1-7-1987, ರಾತ್ರಿ 3 ಗಂಟೆ 40 ನಿಮಿಷ. ಡಾಕ್ಟರು ತಪ್ಪಿದ್ದರು, ಜೋಯಿಸರು ಎರಡೂ ಲೆಕ್ಕ ಸರಿಯಾಗಿ ಹಿಡಿದಿದ್ದರು.

"ಕೇಳ್ರಿ ಇಲ್ಲೆ," ವಾಮನರಾವ್ ದನಿ ತಗ್ಗಿಸಿದರು. "ಹೆಸರಿಲ್ಲದ ಪತ್ರ ಸಾಕ್ಷಿ ಅಲ್ಲ. ರಜಿಸ್ಟರಿನಾಗ ಮೂವತ್ತು ಅದ. ಆಯಾ ಮಧ್ಯಾನ್ಹ ಅಂದ್ರ ನಾಳೆ ಹನ್ನೆರಡರೊಳಗ ಹುಡುಗಿ ಭಾರತದಾಕಿ. ಜುಲೈ ಒಂದು ಅಂತ ಬರದದ್ದು ಜಗತ್ತಿನಾಗ ಎರಡ ಕಾಗದಾ. ಒಂದು ನಿಮ್ಮ ಕೈಯಾಗ ಅದ. ಇನ್ನೊಂದು ಏಕನಾಥನ ದೇವರ ಮನ್ಯಾಗ."

"ಸುಟ್ಟುಬಿಡು ಅಂತೀರಿ."

"ನಾ ಏನೂ ಅಂದಿಲ್ಲ. ನಾ ವಕೀಲ ಇದ್ದೀನಿ."

ಶೈಲಾ ಆ ಪ್ರತಿಯನ್ನು ಅವರೆದುರೇ ಚೂರುಚೂರು ಮಾಡಿ ತನ್ನ ಪರ್ಸಿಗೆ ಹಾಕಿಕೊಂಡಳು. ಕೆಳಗಿಳಿದು ರಿಕ್ಷಾ ಹಿಡಿದಳು.

ಹಡಪಸರದ ದಾರಿಯಲ್ಲಿ ರಿಕ್ಷಾ ಸಿಗ್ನಲ್ ಸಿಗ್ನಲಿಗೂ ನಿಂತಿತು. ಹದಿನಾಲ್ಕು ವರ್ಷದಲ್ಲಿ ಅವಳು ಒಂದೇ ಒಂದು ಸುಳ್ಳು ವರದಿ ಕೊಟ್ಟವಳಲ್ಲ. ಕುಡುಕ ವರ ಗೆಳತಿಯ ತಮ್ಮನಾಗಿದ್ದಾಗಲೂ ಕುಡುಕ ಎಂದೇ ಬರೆದಿದ್ದಳು, ಗೆಳತಿ ಇವತ್ತಿಗೂ ಮಾತಾಡುವುದಿಲ್ಲ. ಅಂಥವಳು ಇವತ್ತು ಮುದುಕಿಯ ಸುಳ್ಳಿಗೆ ಬೇಡ ಎಂದಿರಲಿಲ್ಲ, ಸಾಕ್ಷಿ ಹರಿದಿದ್ದಳು, ಈಗ ಮಗಳ ಜಾತಕವನ್ನು ತಂದೆಯ ಕೈಯಿಂದ ಇಸಿದುಕೊಂಡು ಒಲೆಗೆ ಹಾಕಲು ಹೊರಟಿದ್ದಳು. ಹೆದರಿಕೆ ಆಗುತ್ತಿತ್ತು. ಆದರೆ ನಾಳೆ ಸುರಭಿ ಎದುರು ನಿಂತು, ನನ್ನನ್ನು ಎಲ್ಲಿಗೆ ಕಳಿಸುತ್ತಾರೆ ಮೌಶಿ ಎಂದು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಹಡಪಸರದ ಗಾಡಿತಳ ಚೌಕದಲ್ಲಿ ರಸ್ತೆ ಕಟ್ಟಿಹೋಗಿತ್ತು. ಅವಳು ರಿಕ್ಷಾ ಬಿಟ್ಟು ಕಡೆಯ ಅರ್ಧ ಮೈಲು ನಡೆದೇ ಹೋದಳು, ಕೆಲವು ಕಡೆ ಓಡಿದಳು.

ಏಕನಾಥ ಬಾಗಿಲಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಹದಿನೈದು ದಿನದಲ್ಲಿ ಮೊದಲ ಸಲ ಅವನ ಮುಖದ ಮೇಲೆ ಗೆಲುವು ಕಾಣುತ್ತಿತ್ತು.

"ಬರ್ರಿ ಶೈಲಾಬಾಯಿ! ನಿಮ್ಮ ಹಾದೀನ ನೋಡ್ಲಿಕ್ಕತ್ತಿದ್ದೆ. ಮೊದಲ ಪೇಢೆ ತೊಗೋರಿ."

"ಏಕನಾಥರಾವ್, ಸುರಭಿ ಜಾತಕಾ ಕೊಡ್ರಿ. ಈಗ, ಕೂಡ್ಲೇ. ಯಾಕಂತ ಕೇಳಬ್ಯಾಡ್ರಿ."

"ನೋಡ್ರಿ, ನಿಮಗೂ ಅದ ಹೊಳೀತು!" ಏಕನಾಥ ನಕ್ಕ. "ಗಟ್ಟಿ ಸಾಕ್ಷಿ ಇದ್ರ ತರ್ರಿ ಅಂದಿದ್ರಲ್ಲ ಸಾಹೇಬ್ರು? ನಿನ್ನೆ ರಾತ್ರಿ ದೇವರ ಮುಂದ ಕೂತಾಗ ನನಗ ನೆನಪಾತು. ರಜಿಸ್ಟರಿನಾಗ ಒಂದ ಸಾಲು, ಜಾತಕದಾಗ ವಾರ, ತಿಥಿ, ಘಟಿ, ಎಲ್ಲಾ ಅದ. ಮಂಗಳವಾರ ಅಂತ ದಪ್ಪ ಅಕ್ಷರದಾಗ. ಮುಂಜಾನೆ ನೀವು ತಳೇಗಾಂವಕ್ಕ ಹೋದ ಮ್ಯಾಲೆ ನಾನ ಹೋಗಿ ಸಾಹೇಬ್ರ ಕೈಯಾಗ ಕೊಟ್ಟು ಬಂದೆ. ರಸೀತಿ ಸುದ್ಧಾ ಕೊಟ್ರು."

ಅವನು ಜೇಬಿನಿಂದ ತೆಗೆದ ಕಾಗದದ ಮೇಲೆ ಕಚೇರಿಯ ಶಿಕ್ಕೆಯ ಮಸಿ ಇನ್ನೂ ಹಸಿಯಾಗಿ ಕಾಣುತ್ತಿತ್ತು. 'ಜನ್ಮಪತ್ರಿಕೆ, ಮೂಲ ಪ್ರತಿ, ತಂದೆಯಿಂದ ಬಂದದ್ದು.' ಶೈಲಾ ಅದನ್ನು ಎರಡು ಸಲ ಓದಿದಳು.

"ಸುರಭಿ ಎಲ್ಲಿ?"

"ಅಲ್ಲೇ ಹೋಗ್ಯಾಳ್ರಿ. ಎರಡು ಗಂಟೆಕ್ಕ ಕಚೇರಿಯಿಂದ ಫೋನ್ ಬಂತು. ನಿಮಗ ನಾಲ್ಕು ಸಲ ಹಚ್ಚಿದಳು, ಹತ್ತಲಿಲ್ಲ. ಜಾತಕಾ ಕೊಟ್ಟು ಬಂದೀನಿ ಅಂತ ಹೇಳಿದೆ. ಸುಮ್ನ ನನ್ನ ಮುಖಾನ ನೋಡಿದಳು. ಆಮ್ಯಾಲೆ ನಕ್ಕಳು. ಛಲೋ ಮಾಡಿದಿ ಅಪ್ಪಾ, ಕೆಲಸ ಆತು ಅಂದಳು. ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು."

ಏಕನಾಥ ಪೇಢೆಯ ಡಬ್ಬಿಯನ್ನು ಮತ್ತೆ ಮುಂದೆ ಹಿಡಿದ.

"ಎರಡು ಜೋಡಿ ಅರಿವಿ ತೊಗೊಂಡು ಬಾ ಅಂದಾರಂತ್ರಿ. ಪಾಸ್‌ಪೋರ್ಟಿಗೆ ಫೋಟೋ ತಗೀತಿರಬೇಕು, ಅಲ್ಲೇನ್ರಿ?"